ಅದಕ್ಕಿಂತ ಬೇಗ ಆಗುವುದಿಲ್ಲ

೧೯ ನವೆಂಬರ್ ೨೦೦೬, ಭಾನುವಾರ

ಇದು ರಾಮನಾಮ ಬರೆಯುವ ಪುಸ್ತಕ. ದಿನಕ್ಕೆ ಎರಡು ಪುಟ ಬರೆಯುವುದು ಹದಿನೆಂಟು ವರ್ಷದ ಅಭ್ಯಾಸ. ಮಗಳು ಧಾರಿಣಿ ಹೋದ ಮೇಲೆ ಇವತ್ತೇ ಮೊದಲು ತೆಗೆದು ಕೂತದ್ದು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಬೇರೆ ಬರೆಯಿತು. ನೋಡಿದರೆ ಅವಳ ಹೆಸರು. ಹೊಡೆದುಹಾಕಲು ಮನಸ್ಸು ಬರಲಿಲ್ಲ. ರಾಮದೇವರು ಬೇಕಾದರೆ ಕ್ಷಮಿಸಲಿ, ಬೇಡವಾದರೆ ಬಿಡಲಿ. ಇನ್ನು ಕೈಗೆ ಏನು ಬರುತ್ತದೋ ಅದನ್ನೇ ಬರೆಯುತ್ತೇನೆ.

ಇವತ್ತಿಗೆ ನಲವತ್ತೆಂಟು ದಿನ. ವಿಜಯದಶಮಿಯ ಬೆಳಿಗ್ಗೆ ಹೋದಳು. ಡೆಂಗ್ಯೂ. ಅವಳಿಗೆ ಇಪ್ಪತ್ತೇಳು. ದೆಹಲಿಯ ಮುನಿರ್ಕಾದಲ್ಲಿ ರೂಮು ಮಾಡಿಕೊಂಡು ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಿಎಚ್‌.ಡಿ. ಮಾಡುತ್ತಿದ್ದಳು. ನಮ್ಮ ನೋಯ್ಡಾದಿಂದ ಅಲ್ಲಿಗೆ ಎರಡು ಬಸ್ಸು, ಎರಡು ಗಂಟೆ. ದಿನಾ ಓಡಾಡಿ ಸವೆಯುವುದು ಬೇಡ ಎಂದು ನಾವೇ ಕಳಿಸಿದ್ದು. ಶನಿವಾರ ಮನೆಯ ಮಾಲೀಕಳು ಆಸ್ಪತ್ರೆಗೆ ಸೇರಿಸಿ ನಮಗೆ ತಿಳಿಸಿದಳು. ಸೋಮವಾರ ಮುಗಿಯಿತು.

ಅವಳ ಜೊತೆ ರೂಮಿನಲ್ಲಿದ್ದ ಹುಡುಗಿ ಅನನ್ಯಾ. ಅವಳದೂ ನಮ್ಮ ಕಡೆಯ ಮನೆತನ, ಆದರೆ ಹುಟ್ಟಿ ಬೆಳೆದದ್ದು ದೆಹಲಿ. ಇಬ್ಬರಿಗೂ ಒಬ್ಬರೇ ಮೇಷ್ಟ್ರು. ಜ್ವರ ಶುರುವಾದ ದಿನವೇ ಆ ಹುಡುಗಿ ಹಬ್ಬಕ್ಕೆಂದು ಗ್ರೇಟರ್ ನೋಯ್ಡಾಕ್ಕೆ, ಅಪ್ಪ ಅಮ್ಮನ ಹತ್ತಿರ, ಹೋಗಿದ್ದಳು. ಹದಿಮೂರನೇ ದಿನ ಊಟಕ್ಕೆ ಬಂದಾಗ ಇವರು, ನಮ್ಮ ಯಜಮಾನರು, ನಲವತ್ತು ಜನರ ಮುಂದೆ ಕೇಳಿಯೇಬಿಟ್ಟರು. "ಜ್ವರ ಅಂತ ಗೊತ್ತಿದ್ದೂ ಬಿಟ್ಟು ಹೋದೆಯಲ್ಲಮ್ಮ. ನಮಗೊಂದು ಫೋನ್ ಮಾಡಕ್ಕೆ ನಿನ್ನ ಹತ್ರ ಒಂದು ರೂಪಾಯಿ ಕಾಯಿನ್ ಇರಲಿಲ್ವಾ? ಗೊತ್ತಾಗಿದ್ದಿದ್ರೆ ಆಫೀಸಿಂದ ಹಂಗೇ ಓಡಿ ಹೋಗ್ತಿದ್ನಲ್ಲ!" ಆ ಹುಡುಗಿ ಎಲೆಯ ಮುಂದೆಯೇ ಅತ್ತಳು. ನಾನು ಪಾಯಸ ಬಡಿಸುತ್ತಿದ್ದೆ. ಬಡಿಸುತ್ತಲೇ ಹೋದೆ.

ಫೋನ್ ಬಂದಿತ್ತು. ಗುರುವಾರ ಮಧ್ಯಾಹ್ನ ಮೂರಕ್ಕೆ, ಧಾರಿಣಿಯೇ ಮಾಡಿದ್ದು, ನಾನೇ ಎತ್ತಿದ್ದು.

ನವರಾತ್ರಿಗೆ ನಾನು ಅಖಂಡ ದೀಪ ಇಡುತ್ತೇನೆ. ಒಂಬತ್ತು ದಿನ ಅದು ಆರಬಾರದು, ಅದನ್ನು ಬಿಟ್ಟು ನಾನು ಹೊಸಿಲು ದಾಟಬಾರದು. ಹೋದ ವರ್ಷ ಆರನೇ ದಿನ ಆರಿಹೋಗಿತ್ತು. ಈ ವರ್ಷ ಇವಳ ಮದುವೆ ನಿಶ್ಚಯವಾಗಲಿ ಎಂದೇ ಹರಕೆ ಹೊತ್ತುಕೊಂಡಿದ್ದೆ. ಜ್ವರ ನೂರಾ ಒಂದು ಅಂದಳು. ಕಷಾಯ ಮಾಡ್ಕೊಂಡು ಕುಡಿ, ದೀಪ ಬಿಟ್ಟು ಬರಕ್ಕಾಗಲ್ಲ ಕಣೇ, ದಶಮಿಗೆ ನೀನೇ ಬಾ ಅಂದೆ. ಸಂಜೆ ಇವರು ಬಂದಾಗ ಹೇಳಲಿಲ್ಲ. ಹೇಳಿದ್ದರೆ ಮನೆಯಲ್ಲಿ ಗಲಾಟೆಯಾಗಿ, ಇಬ್ಬರೂ ಹೊರಟು, ದೀಪ ಆರುತ್ತಿತ್ತು. ಶನಿವಾರ ಸುದ್ದಿ ಬಂದಾಗ ಎದುರು ಮನೆಯವರಿಗೆ ದೀಪ ಒಪ್ಪಿಸಿ ಇಬ್ಬರೂ ಓಡಿದೆವು.

ದೀಪ ಆರಲಿಲ್ಲ.

೨೬ ನವೆಂಬರ್, ಭಾನುವಾರ

ಆ ಹುಡುಗಿ ಬಂದಿದ್ದಳು. ಬಾಗಿಲು ತೆಗೆದವಳು ಒಳಗೆ ಬಾ ಎನ್ನಲು ಒಂದು ಗಳಿಗೆ ಮರೆತೆ. ಇವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು, ಇಳಿಸಲೇ ಇಲ್ಲ.

ಚೀಲದಿಂದ ಧಾರಿಣಿಯ ನೋಟ್‌ಬುಕ್ ತೆಗೆದಳು, ಹಸಿರು ರಟ್ಟಿನದು. ಧಾರಿಣಿಯದೊಂದು ಲೇಖನ ಅರ್ಧಕ್ಕೆ ನಿಂತಿದೆಯಂತೆ. ಪತ್ರಿಕೆಗೆ ಕಳಿಸಿದ್ದಳು, ಅದನ್ನು ಪರೀಕ್ಷೆ ಮಾಡಿದವರು ಒಂದು ತಪ್ಪು ತೋರಿಸಿ ವಾಪಸ್ ಕಳಿಸಿದರು, ಅದಕ್ಕೆ ಉತ್ತರ ಹುಡುಕುತ್ತಿದ್ದಾಗಲೇ ಜ್ವರ ಬಂತು. ಫೆಬ್ರವರಿಯ ಕೊನೆಯೊಳಗೆ ಉತ್ತರ ಹೋಗಬೇಕು. ಹೋಗದಿದ್ದರೆ ಅವಳ ನಾಲ್ಕು ವರ್ಷದ ಕೆಲಸ ಅವಳ ಹೆಸರಲ್ಲಿ ಎಲ್ಲೂ ಇರುವುದಿಲ್ಲ.

"ಲೆಕ್ಕ ನಂಗೆ ಗೊತ್ತಾಗತ್ತೆ ಆಂಟಿ. ಆದ್ರೆ ನಡುವೆ ನಡುವೆ ದೀದಿ ಕನ್ನಡದಲ್ಲಿ ಬರ್ದಿದಾರೆ. ನಂಗೆ ಮಾತಾಡಕ್ಕೆ ಬರತ್ತೆ, ಓದಕ್ಕೆ ಬಿಲ್‌ಕುಲ್ ಬರಲ್ಲ."

ಹೌದು, ಧಾರಿಣಿ ಹತ್ತನೇ ಕ್ಲಾಸಿನ ತನಕ ಊರಲ್ಲಿ ನಮ್ಮಮ್ಮನ ಹತ್ತಿರ ಇದ್ದು ಓದಿದವಳು. ಯೋಚನೆ ಕನ್ನಡದಲ್ಲೇ ಬರುತ್ತೆ ಅಮ್ಮ, ಇಂಗ್ಲಿಷು ಆಮೇಲೆ ಉಡಿಸೋ ಬಟ್ಟೆ ಅನ್ನುತ್ತಿದ್ದಳು.

ನಾನು ಓದಿದ್ದು ಏಳನೇ ಕ್ಲಾಸು, ಹಳ್ಳಿ ಶಾಲೆ. ಅಕ್ಷರ ಮಾತ್ರ ಗಟ್ಟಿ. ಪುಸ್ತಕ ಇಲ್ಲೇ ಇರಲಿ, ಬೇಕಾದರೆ ಭಾನುವಾರ ಬಾ, ಓದಿ ಹೇಳುತ್ತೇನೆ ಎಂದೆ. ಊಟ ಮಾಡು ಅನ್ನಲಿಲ್ಲ. ಅವಳು ಹೋದ ಮೇಲೆ, ಅನ್ನಬೇಕಿತ್ತು ಅನ್ನಿಸಿತು.

೩ ಡಿಸೆಂಬರ್, ಭಾನುವಾರ

ಓದಿದೆವು. ವಿಚಿತ್ರ ಕೆಲಸ. ನಾನು ಓದುತ್ತೇನೆ, ನನಗೆ ಒಂದಕ್ಷರ ತಿಳಿಯುವುದಿಲ್ಲ. ಅವಳಿಗೆ ಎಲ್ಲ ತಿಳಿಯುತ್ತದೆ, ಓದಲು ಬಾರದು. ಧಾರಿಣಿಯ ಅಕ್ಷರ ದುಂಡಗೆ, ನಮ್ಮಮ್ಮ ತಿದ್ದಿಸಿದ ಹಾಗೇ ಇದೆ. "ಇಲ್ಲಿ ಎಡವಿದೆ." "ಇದು ಸುಳ್ಳು, ನಾಳೆ ನೋಡು." ಒಂದು ಕಡೆ "ಮೇಷ್ಟ್ರು ಒಪ್ಪಲ್ಲ, ಒಪ್ಪದೆ ಎಲ್ಲಿ ಹೋಗ್ತಾರೆ" ಎಂದು ಬರೆದಿದ್ದಳು. ಅದನ್ನು ಓದಿದಾಗ ಆ ಹುಡುಗಿ ನಕ್ಕಳು. ನನಗೂ ನಗು ಬಂತು, ಬಂದ ಮೇಲೆ ಭಯವಾಯಿತು.

ಕಾಫಿ ಕೊಟ್ಟೆ. ಬಿಸಿ ಇದೆ ಎಂದು ಲೋಟದಿಂದ ಲೋಟಕ್ಕೆ ಹುಯ್ದು ಆರಿಸುತ್ತಿದ್ದೆ. ಅವಳು ನನ್ನ ಕೈಯನ್ನೇ ನೋಡುತ್ತ ಹೇಳಿದಳು.

"ಆಂಟಿ, ದೀದಿ ಕೆಲಸ ಇದೇ. ಬಿಸಿ ಇರೋದು ತಣ್ಣಗಾಗಿ, ಸುತ್ತ ಇರೋದ್ರ ಜೊತೆ ಒಂದೇ ಸಮ ಆಗಕ್ಕೆ ಎಷ್ಟು ಹೊತ್ತು ಬೇಕು? ನೀವು ಹುಯ್ದ್ರೆ ಬೇಗ. ಫ್ಯಾನ್ ಹಾಕಿದ್ರೆ ಇನ್ನೂ ಬೇಗ. ಹಾಗೇ ಎಷ್ಟು ಬೇಕಾದ್ರೂ ಬೇಗ ಮಾಡ್ಬಹುದು ಅನ್ಸತ್ತೆ, ಹೈ ನಾ? ಆದ್ರೆ ಅಣುಗಿಂತ ಸಣ್ಣದಕ್ಕೆ ಇಳಿದ್ರೆ ಅಲ್ಲೊಂದು ಗೆರೆ ಇದೆ. ಅದಕ್ಕಿಂತ ಬೇಗ ಆಗಲ್ಲ. ಏನೇ ಮಾಡಿದ್ರೂ."

"ಯಾರು ತಡೀತಾರೆ?"

"ಯಾರೂ ಇಲ್ಲ. ಅದು ಇರೋದೇ ಹಾಗೆ. ಸುತ್ತ ತಣ್ಣಗಿದ್ದಷ್ಟೂ ಆ ಹೊತ್ತು ಉದ್ದ ಆಗತ್ತೆ."

"ದೇವರು ಬೇಗ ಆಗ್ಲಿ ಅಂದ್ರೆ?"

"ದೇವರ ವಿಷಯ ದೀದಿ ಬರ್ದಿಲ್ಲ ಆಂಟಿ."

ಆ ಹೊತ್ತು ಎಂದರೆ ಎಷ್ಟು ಎಂದು ಕೇಳಿದೆ. ಈ ಕಾಫಿಯಷ್ಟು, ಈ ಮನೆಯಷ್ಟು ಬೆಚ್ಚಗಿರುವ ಕಡೆಯಾದರೆ ರೆಪ್ಪೆ ಒಂದು ಸಲ ಬಡಿಯುವುದರೊಳಗೆ ಲಕ್ಷ ಕೋಟಿ ಸಲ ಆಗಿಹೋಗುವಷ್ಟು ಸಣ್ಣದು ಎಂದಳು. ಅಷ್ಟು ಸಣ್ಣ ಹೊತ್ತಿನ ಹಿಂದೆ ನನ್ನ ಮಗಳು ನಾಲ್ಕು ವರ್ಷ ಕಳೆದಳೇ? ಊಟಕ್ಕೆ ಎಬ್ಬಿಸಿದರೆ "ಬಂದೆ" ಎಂದು ಒಂದು ಗಂಟೆ ಬಿಟ್ಟು ಬರುತ್ತಿದ್ದಳು.

೧೦ ಡಿಸೆಂಬರ್, ಭಾನುವಾರ

ಇವತ್ತು ಕೊನೆಯ ಹಾಳೆಗಳಿಗೆ ಬಂದೆವು. ಒಂದು ಹಾಳೆ ತಿರುಗಿಸಿದರೆ ಅದರಲ್ಲಿ ಲೆಕ್ಕವೇ ಇಲ್ಲ, ಪೂರ್ತಿ ಕನ್ನಡ. ಮೊದಲ ಸಾಲು, "ಅಮ್ಮನಿಗೆ ಫೋನ್ ಮಾಡಿದೆ."

ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಇವರು ಆ ಕಡೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು.

"ಏನು ಬರ್ದಿದಾರೆ ಆಂಟಿ?"

"ಸಾಮಾನಿನ ಪಟ್ಟಿ ಕಣಮ್ಮ. ಬೇಳೆ, ಸೋಪು, ಎಂಥದೋ," ಎಂದು ಹಾಳೆ ಮಗುಚಿಬಿಟ್ಟೆ.

ಮುಂದಿನ ಹಾಳೆಯೇ ಕೊನೆಯದು. ಅರ್ಧ ಲೆಕ್ಕ, ಪಕ್ಕದಲ್ಲಿ ಒಂದು ಸಾಲು. ಯೋಚಿಸದೆ ಗಟ್ಟಿಯಾಗಿ ಓದಿದೆ. "ಹಿಂದಿನ ಹಾಳೆಯ ಷರತ್ತಿನ ಮೇಲೆ ಎಂಟನೇ ಹೆಜ್ಜೆ ಸರಿ."

ಅವಳು ಎದ್ದು ನಿಂತಳು. "ಷರತ್ತು? ಶರ್ತ್! ಕಂಡೀಶನ್! ಅದೇ ಬೇಕು ಆಂಟಿ, ಅದೇ ಸಿಗ್ತಾ ಇಲ್ಲ ನಂಗೆ! ಯಾವ ಹಿಂದಿನ ಹಾಳೆ?" ಎಂದು ನಾನು ಪಟ್ಟಿ ಎಂದ ಹಾಳೆಯನ್ನು ದಾಟಿ ಅದರ ಹಿಂದಿನದನ್ನು, ಅದರ ಹಿಂದಿನದನ್ನು ತಿರುವಿ ತಿರುವಿ ನೋಡಿದಳು. ನಾನು ಒಲೆಯ ಮೇಲೆ ಏನೋ ಇದೆ ಎಂದು ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

೧೨ ಡಿಸೆಂಬರ್

ನೋಟ್‌ಬುಕ್ಕನ್ನು ದೇವರ ಕಪಾಟಿನಲ್ಲಿ ಇಟ್ಟಿದ್ದೇನೆ. ಮೊದಲ ಸಾಲು ದಾಟಿ ಓದಲು ಕಣ್ಣು ಹೋಗುವುದಿಲ್ಲ. ಅಮ್ಮ ಬರಲಿಲ್ಲ ಎಂದು ಬರೆದಿರುತ್ತಾಳೆ. ಇನ್ನೇನು ಬರೆದಾಳು.

೨೪ ಡಿಸೆಂಬರ್, ಭಾನುವಾರ

ಎದುರು ಮನೆಯ ಸರಳಾ ಬಂದು ಕೂತಿದ್ದರು. "ಮೂರು ತಿಂಗಳಾಗ್ತಾ ಬಂತು ಜಲಜಾ, ಇನ್ನು ಮನಸ್ಸು ಗಟ್ಟಿ ಮಾಡ್ಕೋಬೇಕು. ನಮ್ಮತ್ತೆ ಹೋದಾಗ ನಾನು ಹದಿನೈದೇ ದಿನದಲ್ಲಿ ಸರಿಯಾದೆ."

"ನೀವು ಹದಿನೈದು ವರ್ಷದ ಮುಂಚೆನೇ ಸರಿಯಾಗಿದ್ರಿ ಸರಳಾ, ಅವರು ಹೋಗೋದನ್ನೇ ಕಾಯ್ತಿದ್ರಿ," ಎಂದುಬಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳ್ಳೆಯ ಹೆಂಗಸು.

ಅನನ್ಯಾ ಸೊರಗಿದ್ದಾಳೆ. ಷರತ್ತು ಸಿಕ್ಕಿಲ್ಲ. ಮೇಷ್ಟ್ರೂ ಯೋಚಿಸಿ ಸಾಕಾಗಿದೆಯಂತೆ. ಹುಳಿ, ಪಲ್ಯ, ಅಕ್ಕಿ ರೊಟ್ಟಿ ಮಾಡಿದ್ದೆ. ಎರಡು ರೊಟ್ಟಿ ತಿಂದು ಸಾಕು ಎಂದಳು, ಬೈದು ಮೂರನೆಯದು ಹಾಕಿದೆ. ತಿನ್ನುತ್ತ ತಿನ್ನುತ್ತ, "ಆಂಟಿ, ನಂಗೆ ಅಕ್ಷರ ಕಲಿಸ್ತೀರಾ? ಪ್ರತಿ ಸಲ ನಿಮ್ಗೆ ತೊಂದ್ರೆ," ಎಂದಳು. ತೊಂದರೆ ಏನು ಬಂತು, ಕೂತುಕೋ ಎಂದು ಸ್ಲೇಟು ಇಲ್ಲದೆ ಪರಾತದಲ್ಲಿ ರಾಗಿ ಹಿಟ್ಟು ಹರಡಿ ಅ, ಆ ಬರೆಸಿದೆ. ಅವಳ ಬೆರಳು ಹಿಡಿದು ತಿದ್ದಿಸುವಾಗ ಎಷ್ಟೋ ದಿನಕ್ಕೆ ಹಗುರ ಅನ್ನಿಸಿತು.

ಇವರು ಪೇಪರಿನ ಅಂಚಿನಿಂದ ನೋಡುತ್ತಿದ್ದರು. ಅವಳು ಹೋದ ಮೇಲೆ, "ಫೋನ್ ಮಾಡದೆ ಹೋದೋಳಿಗೆ ರೊಟ್ಟಿ ಬೇರೆ," ಎಂದರು. ಅಡುಗೆಮನೆಯಲ್ಲಿ ನೀರು ಬಿಟ್ಟುಕೊಂಡು ನಿಂತೆ.

೨ ಜನವರಿ ೨೦೦೭

ಚಳಿ. ಮಧ್ಯಾಹ್ನವಾದರೂ ಮಂಜು ಎತ್ತಿಲ್ಲ, ಎದುರು ಬ್ಲಾಕ್ ಕಾಣುವುದಿಲ್ಲ. ಇವರ ಚಾರ್ಟರ್ಡ್ ಬಸ್ಸು ಬರಲಿಲ್ಲ, ಮನೆಯಲ್ಲೇ ಇದ್ದಾರೆ. ಇಬ್ಬರೂ ಇದ್ದೇವೆ, ಮಾತಿಲ್ಲ. ಸುತ್ತ ತಣ್ಣಗಿದ್ದಷ್ಟೂ ನಿಧಾನ ಎಂದಿದ್ದಳು ಅನನ್ಯಾ.

ಪೂಜೆಗೆ ಕೂತರೆ ಬಾಯಿ ಶ್ಲೋಕ ಹೇಳುತ್ತದೆ, ನಾನು ಅಲ್ಲಿರುವುದಿಲ್ಲ.

೧೪ ಜನವರಿ, ಭಾನುವಾರ

ಸಂಕ್ರಾಂತಿ. ಈ ವರ್ಷ ನಮಗೆ ಹಬ್ಬವಿಲ್ಲ.

ಅನನ್ಯಾ ಚುರುಕು. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದಾಳೆ. ಉಪ್ಪಿನ ಡಬ್ಬದ ಮೇಲೆ ನಾನು ಬರೆದಿದ್ದನ್ನು "ಉ... ಪ್ಪು!" ಎಂದು ಓದಿ ಕುಣಿದಳು. "ಶಾಭಾಸ್ ಕಣೇ," ಎಂದೆ. ಬೆನ್ನು ತಟ್ಟಿದ ಕೈ ಅಲ್ಲೇ ನಿಂತಿತು. ಉಪ್ಪು ಓದಿದವಳಿಗೆ ಅಮ್ಮ ಎಷ್ಟು ಹೊತ್ತು?

ಇಷ್ಟು ದಿನ ನಾನೇ ಕೈ ಹಿಡಿದು ಅವಳನ್ನು ಆ ಹಾಳೆಯ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಇದು ನನಗೆ ಹೊಳೆದೇ ಇರಲಿಲ್ಲವಲ್ಲ. ಮುಂದಿನ ವಾರ ನಾವಿರಲ್ಲ, ಬರಬೇಡ ಎಂದು ಸುಳ್ಳು ಹೇಳಿದೆ.

೨೮ ಜನವರಿ, ಭಾನುವಾರ

ಅನನ್ಯಾ ಫೋನ್ ಮಾಡಿದ್ದಳು. ಮೇಷ್ಟ್ರು ಕೈಚೆಲ್ಲಿದ್ದಾರೆ. ಇನ್ನೊಂದು ವಾರ ನೋಡೋಣ, ಆಗದಿದ್ದರೆ ಗೆರೆಯ ಮಾತು ಬಿಟ್ಟು ಸಣ್ಣಪುಟ್ಟದ್ದನ್ನು ಮಾತ್ರ ಕಳಿಸೋಣ ಎಂದಿದ್ದಾರೆ. "ಆ ಗೆರೆನೇ ದೀದಿ ಆಂಟಿ. ಅದು ತೆಗೆದ್ರೆ ಏನಿದೆ? ಒಂದ್ಸಲ ನೋಟ್‌ಬುಕ್ ತಗೊಂಡು ಹೋಗ್ಲಾ? ಕರ್ನಾಟಕದ ಒಬ್ರು ಪ್ರೊಫೆಸರ್ ಇದಾರೆ, ಅವ್ರ ಹತ್ರ ಮೊದಲಿಂದ ಓದಿಸ್ತೀನಿ."

ಮುಂದಿನ ಭಾನುವಾರ ಬಾ ಎಂದು ಫೋನ್ ಇಟ್ಟೆ.

ಸಂಜೆ ಶಾಲು ಹೊದ್ದು, ನೋಟ್‌ಬುಕ್ಕನ್ನು ಅದರೊಳಗೆ ಇಟ್ಟುಕೊಂಡು ಕೆಳಗಿಳಿದೆ. ಗೇಟಿನ ಹತ್ತಿರ ಕಾವಲುಗಾರರು ತಗಡಿನ ಡಬ್ಬದಲ್ಲಿ ಬೆಂಕಿ ಮಾಡಿಕೊಂಡು ಕೂತಿದ್ದರು. ಒಂದೇ ಹಾಳೆ. ಹರಿದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನೇನು ಮಾಡಲು ಹೋಗಿದ್ದೆನೋ ಅದನ್ನು ಇಲ್ಲಿ ಬರೆದೇ ಬಿಡುತ್ತೇನೆ, ಆಮೇಲೆ ಹಾಗಲ್ಲ ಅಂದುಕೊಳ್ಳಬಾರದು.

ಮುದುಕ ಕಾವಲುಗಾರ ಎದ್ದು ಜಾಗ ಕೊಟ್ಟ. "ಬೈಠಿಯೇ ಮಾತಾಜಿ." ಶಾಲಿನಿಂದ ಪುಸ್ತಕದ ಮೂಲೆ ಕಂಡಿರಬೇಕು, ಕೈ ಚಾಚಿದ. "ರದ್ದಿ ಲಾಯೀ ಹೈಂ? ದೀಜಿಯೇ, ಆಗ್ ಬುಝ್ ರಹೀ ಹೈ."

ಬೆಂಕಿ ಆರುತ್ತಿದೆಯಂತೆ, ರದ್ದಿ ಕಾಗದ ಕೊಡಬೇಕಂತೆ. ರದ್ದಿ ಅಂದನಲ್ಲ. ಎದೆಗೆ ಒತ್ತಿಕೊಂಡು ಮೇಲೆ ಬಂದೆ. ಮೂರು ಮಹಡಿ ಹತ್ತಿದ್ದು ಗೊತ್ತಾಗಲಿಲ್ಲ.

೪ ಫೆಬ್ರವರಿ, ಭಾನುವಾರ

ನಡೆದ ಹಾಗೆ ಬರೆಯುತ್ತೇನೆ.

ಅನನ್ಯಾ ಹನ್ನೊಂದಕ್ಕೆ ಬಂದಳು. ಇವರು ಕುರ್ಚಿಯಲ್ಲಿದ್ದರು. ನೋಟ್‌ಬುಕ್ ಕೊಟ್ಟೆ. ಚೀಲಕ್ಕೆ ಹಾಕಿಕೊಳ್ಳುವ ಮೊದಲು ಅವಳು ಸುಮ್ಮನೆ ಕೊನೆಯಿಂದ ತಿರುವಿದಳು. ಆ ಹಾಳೆಯ ಮೇಲೆ ಅವಳ ಬೆರಳು ನಿಂತಿತು, ನಾನು ಹಿಟ್ಟಿನಲ್ಲಿ ಹಿಡಿದು ತಿದ್ದಿಸಿದ ಬೆರಳೇ.

"ಅ... ಮ್ಮ... ನಿ... ಗೆ." ತಲೆಯೆತ್ತಿದಳು. "ಆಂಟಿ, ಇದು ಸಾಮಾನಿನ ಪಟ್ಟಿ ಅಲ್ವಾ? ಅಮ್ಮನಿಗೆ ಅಂತಿದೆ?"

ಇಲ್ಲ ಎನ್ನಬಹುದಿತ್ತು. ಅಮ್ಮನಿಗೆ ಸೋಪು ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಕೊಡು," ಎಂದೆ. "ರೀ, ಪೇಪರ್ ಕೆಳಗಿಡಿ. ನೀವೂ ಕೇಳಿಸಿಕೊಳ್ಳಿ."

ನಿಂತುಕೊಂಡೇ ಓದಿದೆ. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ಓದಿಸುವ ಹಾಗೆ.

"ಅಮ್ಮನಿಗೆ ಫೋನ್ ಮಾಡಿದೆ. ಥರ್ಮಾಮೀಟರು ನೂರಾ ನಾಲ್ಕು ತೋರಿಸುತ್ತಿದೆ. ಅಮ್ಮನಿಗೆ ನೂರಾ ಒಂದು ಅಂದೆ. ನಿಜ ಹೇಳಿದರೆ ದೀಪ ಬಿಟ್ಟು ಓಡಿ ಬರುತ್ತಾಳೆ. ಪಾಪ, ಹೋದ ಸಲವೂ ಅರ್ಧಕ್ಕೇ ಆರಿತ್ತು. ದಶಮಿಗೆ ನಾನೇ ಹೋಗುತ್ತೇನೆ."

ಇಷ್ಟು ಓದಿ ನಿಂತೆ. ಮುಂದಿನ ಸಾಲು ಕಾಣಲಿಲ್ಲ, ಕನ್ನಡಕ ಒರೆಸಿದೆ, ಆದರೂ ಕಾಣಲಿಲ್ಲ. ಇವರು ಪೇಪರನ್ನು ಕೆಳಗಿಟ್ಟರು. ಓದು, ಎಂದರು. ಯಾವತ್ತೂ ಕೇಳದ ದನಿ.

"ಮಲಗಿದ್ದಾಗ ಹೊಳೆಯಿತು. ಏಳನೇ ಹೆಜ್ಜೆಯಿಂದ ಎಂಟಕ್ಕೆ ಹೋಗುವಾಗ ನಾನು ಒಂದು ಮಾತು ಹೇಳದೆ ಬಿಟ್ಟಿದ್ದೇನೆ. ಸಣ್ಣದೂ ಸುತ್ತಲಿನದೂ ಶುರುವಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆ ಇದ್ದವು ಎಂದು ಇಟ್ಟುಕೊಂಡುಬಿಟ್ಟಿದ್ದೇನೆ. ಮೊದಲೇ ಹೆಣೆದುಕೊಂಡಿದ್ದರೆ ಈ ಲೆಕ್ಕ ನಿಲ್ಲದು. ಪರೀಕ್ಷಕರು ಕೊಟ್ಟ ಉದಾಹರಣೆ ಅಂಥದ್ದೇ, ಮೊದಲೇ ಹೆಣೆದುಕೊಂಡದ್ದು. ಇದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಉಳಿದದ್ದೆಲ್ಲ ನಿಲ್ಲುತ್ತದೆ."

"ಏಕ್ ಮಿನಿಟ್ ಆಂಟಿ, ಫಿರ್ ಸೇ, ಇನ್ನೊಂದ್ಸಲ," ಎಂದಳು ಅನನ್ಯಾ. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಬರೆಯುತ್ತಿತ್ತು. ಇನ್ನೊಂದು ಸಲ ಓದಿದೆ. ಬರೆದು, ಪೆನ್ನಿನ ಮುಚ್ಚಳ ಹಾಕಿ, ಬಹಳ ಹೊತ್ತು ಆ ಮುಚ್ಚಳವನ್ನೇ ಒತ್ತುತ್ತಿದ್ದಳು.

"ನಿಮ್ಗೆ ಗೊತ್ತಿತ್ತು. ದೀದಿ ಫೋನ್ ಮಾಡಿದ್ದು."

"ಗೊತ್ತಿತ್ತು."

"ಅಂಕಲ್ ಅಷ್ಟು ಜನರ ಮುಂದೆ ನಂಗೆ... ನಾಲ್ಕು ತಿಂಗಳು ನಾನು ಮಲಗಿಲ್ಲ ಆಂಟಿ. ನನ್ನಿಂದ ದೀದಿ ಹೋದ್ರು ಅಂತ. ನೀವು ರೊಟ್ಟಿ ಹಾಕ್ತಿದ್ರಿ. ಅಕ್ಷರ ಕಲಿಸ್ತಿದ್ರಿ."

ತಪ್ಪಾಯಿತು ಅನ್ನುವುದು ಎಷ್ಟು ಸಣ್ಣ ಮಾತು. ಆದರೂ ಅಂದೆ. ಅವಳು ಬೂಟು ಹಾಕಿಕೊಂಡು ಹೊರಟುಹೋದಳು. ಲೇಸು ಕಟ್ಟಿರಲಿಲ್ಲ.

ಇವರು ನನ್ನ ಮುಖ ನೋಡದೆ, ಸ್ವೆಟರ್ ಕೂಡ ಹಾಕದೆ, ಅವಳ ಹಿಂದೆಯೇ ಇಳಿದರು. ಬಾಲ್ಕನಿಯಿಂದ ನೋಡಿದೆ. ಗೇಟಿನ ಆಚೆ ಅವಳನ್ನು ನಿಲ್ಲಿಸಿ ಇವರು ಏನೋ ಹೇಳಿದರು, ಆಮೇಲೆ ಕೈ ಮುಗಿದರು. ಐವತ್ತಾರು ವರ್ಷದ ಗಂಡಸು, ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ. ಅವಳು ಮುಗಿದ ಕೈಯನ್ನು ಹಿಡಿದು ಕೆಳಗೆ ಎಳೆಯುತ್ತಿದ್ದಳು, ಇವರು ಮತ್ತೆ ಮತ್ತೆ ಎತ್ತುತ್ತಿದ್ದರು. ಆ ಕೈ ನಾನು ಮುಗಿಯಬೇಕಾದದ್ದು.

ದೀಪ ಬಿಟ್ಟು ಓಡಿ ಬರುತ್ತಾಳೆ ಎಂದು ಬರೆದಿದ್ದಾಳೆ. ನೂರಾ ನಾಲ್ಕು ಅಂದಿದ್ದರೆ ಓಡಿ ಹೋಗುತ್ತಿದ್ದೆನೇ? ಇಡೀ ದಿನ ನನ್ನನ್ನೇ ಕೇಳಿಕೊಂಡೆ. ದೇವರ ಮುಂದೆ ಕೂತು ಕೇಳಿಕೊಂಡೆ. ಹೌದು ಎಂದು ಧೈರ್ಯವಾಗಿ ಹೇಳಲಾರೆ. ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತು.

೭ ಫೆಬ್ರವರಿ

ಇವರು ಮಾತಾಡುತ್ತಿಲ್ಲ. ಡಬ್ಬಿ ಒಯ್ಯುತ್ತಾರೆ, ತಿಂದು ತರುತ್ತಾರೆ. ಅಷ್ಟೇ.

೧೧ ಫೆಬ್ರವರಿ, ಭಾನುವಾರ

ಅನನ್ಯಾ ಬರಲಿಲ್ಲ. ಮಧ್ಯಾಹ್ನ ಫೋನ್ ಬಂತು. ಲೇಖನ ಹೋಯಿತಂತೆ. ಷರತ್ತು ಮೊದಲ ಸಾಲಿನಲ್ಲೇ ಇದೆಯಂತೆ. ಮೊದಲ ಹೆಸರು ಧಾರಿಣಿಯದು. ಹೆಸರಿನ ಪಕ್ಕ ಒಂದು ಗುರುತು ಹಾಕಿ, ಕೆಳಗೆ ಇವರು ಈಗ ಇಲ್ಲ ಎಂದು ಬರೆಯುತ್ತಾರಂತೆ.

"ಒಪ್ಪದೆ ಎಲ್ಲಿ ಹೋಗ್ತಾರೆ," ಎಂದೆ. ಆ ಕಡೆ ಒಂದು ಉಸಿರಿನ ಸದ್ದು, ನಗುವೋ ಏನೋ.

"ಮುಂದಿನ ವಾರ ಬರ್ತೀನೋ ಇಲ್ವೋ ಗೊತ್ತಿಲ್ಲ ಆಂಟಿ."

ಬಾ ಎನ್ನಲಿಲ್ಲ. ಬಂದರೆ ಬರಲಿ. ಅವಳಿಗೆ ಬೇಕಾದಷ್ಟು ಹೊತ್ತು ಅವಳು ತೆಗೆದುಕೊಳ್ಳಲಿ. ಆದರೆ ಊಟ ಮಾಡಿದೆಯಾ ಎಂದು ಮಾತ್ರ ಕೇಳಿದೆ. ಇಲ್ಲ ಎಂದಳು. ಫೋನ್ ಇಟ್ಟು ಹೋಗಿ ಮೊದಲು ಊಟ ಮಾಡು ಎಂದೆ.

೧೬ ಫೆಬ್ರವರಿ, ಶುಕ್ರವಾರ

ಶಿವರಾತ್ರಿ, ಇವರಿಗೆ ರಜ. ಹಬ್ಬ ಮಾಡದಿದ್ದರೂ ಇಬ್ಬರೂ ಉಪವಾಸ ಇದ್ದೆವು. ಯಾರೂ ಯಾರಿಗೂ ಹೇಳದೆ ಇದ್ದೆವು. ಬಿಸಿಲು ಬಂದಿತ್ತು. ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಇವರು ಬಂದು ಬೆತ್ತದ ಮೋಡಾ ಪೀಠದ ಮೇಲೆ ಕೂತರು. ಹನ್ನೆರಡು ದಿನದ ಮೇಲೆ ಮಾತು ಬಂತು.

"ಫೋನ್ ಮಾಡಿದಾಗ ದನಿ ಹೇಗಿತ್ತು?"

ಮಡಿಸುತ್ತಿದ್ದದ್ದು ಕೈಯಲ್ಲೇ ಉಳಿಯಿತು.

"ನೆಗಡಿ ಆದ ಹಾಗಿತ್ತು. ಆದರೆ ನಗುತ್ತಿದ್ದಳು."

"ಏನಂದಳು? ಮೊದಲಿಂದ ಹೇಳು. ಒಂದೂ ಬಿಡಬೇಡ."

ಆಗ ತಿಳಿಯಿತು. ಇವರು ಅವಳ ದನಿ ಕಡೆಯದಾಗಿ ಕೇಳಿದ್ದು ಅದಕ್ಕೂ ಎರಡು ವಾರ ಮೊದಲು. ಆಸ್ಪತ್ರೆಯಲ್ಲಿ ಅವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಡೆಯ ಮಾತು ನನ್ನ ಹತ್ತಿರ ಇತ್ತು. ನಾನದನ್ನು ಈ ಮನೆಯಲ್ಲೇ, ಇವರ ಪಕ್ಕದಲ್ಲೇ ಮಲಗಿ, ನಾಲ್ಕೂವರೆ ತಿಂಗಳು ಮುಚ್ಚಿಟ್ಟುಕೊಂಡಿದ್ದೆ.

ಹೇಳಿದೆ. "'ಅಮ್ಮಾ, ಇವತ್ತು ಏನು ನೈವೇದ್ಯ' ಅಂದಳು. ಕಡಲೆಬೇಳೆ ಹೂರಣ ಅಂದೆ. 'ನಂಗೆ ಎತ್ತಿಡು, ಅಪ್ಪ ಮುಗಿಸಿಬಿಡ್ತಾರೆ' ಅಂದಳು. ಅಪ್ಪನಿಗೆ ಸಕ್ಕರೆ ಕಾಯಿಲೆ ಕಣೇ, ಕೊಡಲ್ಲ ಅಂದೆ. 'ನೀನು ಕೊಡಲ್ಲ, ಅವರು ಕದೀತಾರೆ. ನೀನು ಸ್ನಾನಕ್ಕೆ ಹೋದಾಗ ನಾವಿಬ್ಬರೂ ಎಷ್ಟು ಸಲ ಕದ್ದಿದೀವಿ ಗೊತ್ತಾ' ಅಂದಳು."

ಇವರು ಮುಖ ಎತ್ತಿದರು. "ಹೇಳಿಬಿಟ್ಟಳಾ ನಿನಗೆ?"

"ಹೇಳಿದಳು. 'ಅಪ್ಪಂಗೆ ಹೇಳ್ಬೇಡ, ನಂಬಿಕೆ ದ್ರೋಹ ಆಗತ್ತೆ' ಅಂತಲೂ ಅಂದಳು."

ಇವರು ನಕ್ಕರು. ನಗು ಅರ್ಧದಲ್ಲೇ ಮುರಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಭುಜ ಅಲುಗುವ ಹಾಗೆ ಅತ್ತರು. ಸ್ಮಶಾನದಲ್ಲಿ ಕೂಡ ಅತ್ತಿರಲಿಲ್ಲ. ನಾನು ಮುಟ್ಟಲು ಹೆದರಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಬಿಸಿಲು ಗೋಡೆ ಬಿಟ್ಟು ಹೋಗುವ ತನಕ ಕೂತಿದ್ದೆವು.

ಕೊನೆಗೆ ಮುಖ ಒರೆಸಿಕೊಂಡು, "ಇನ್ನೊಂದು ಸಲ ಹೇಳು," ಎಂದರು.

ಮೊದಲಿಂದ ಹೇಳಿದೆ. ಮೂರು ಗಂಟೆಗೆ ಫೋನ್ ಬಂತು, ನಾನು ಎತ್ತಿದೆ ಎಂದು ಶುರುಮಾಡಿದೆ.